ಹನ್ನೊಂದನೇ ನಂಬರಿನ ಕುಸುಬಿ

೩ ಡಿಸೆಂಬರ್ ೧೯೫೯, ಗೋಕಾಕ

ಮೂಡಲಗಿಯ ಬೀಜದ ಫಾರ್ಮಿಗೆ ಹೋಗಿ ಬಂದೆ. ಹನ್ನೊಂದನೇ ನಂಬರಿನ ಕುಸುಬಿ ಮೊಣಕಾಲು ದಾಟಿದೆ. ಸುತ್ತಲಿನ ಹೊಲಗಳಲ್ಲಿ ಜೋಳದ ಅಂಚಿಗೆ ಬಿತ್ತಿದ ನಾಡಕುಸುಬಿಯ ತುದಿಗಳನ್ನೆಲ್ಲ ಕರಿ ಹೇನು ಮುಚ್ಚಿಬಿಟ್ಟಿದೆ. ಮುಟ್ಟಿದರೆ ಬೆರಳಿಗೆ ಅಂಟು ಹತ್ತುತ್ತದೆ. ನನ್ನ ತಾಕಿನಲ್ಲಿ ಮಾತ್ರ ಎಲೆಗಳು ಒರೆಸಿಟ್ಟ ಹಾಗಿವೆ. ಹಾರಿಬಂದು ಕೂತ ಹೇನುಗಳು ಅಲ್ಲೊಂದು ಇಲ್ಲೊಂದು ಒಣಗಿ ಸತ್ತಿದ್ದವು, ಸುತ್ತ ಮರಿಗಳಿರಲಿಲ್ಲ. ಹೀಗೆ ಕಾಣುತ್ತಿರುವುದು ಇದು ನಾಲ್ಕನೆಯ ಹಂಗಾಮು.

ಫಾರ್ಮಿನ ಆಳು ಲಗಮಣ್ಣ ಕೇಳಿದ: “ಸಾಹೇಬ್ರ, ಇದಕ್ಕ ಏನ ಮಂತ್ರ ಹಾಕೀರಿ?” ಮಂತ್ರವಲ್ಲ, ಈ ಗಿಡದ ರಸ ಹೇನಿಗೆ ಒಗ್ಗುವುದಿಲ್ಲ ಎಂದೆ. ನೂರಾರು ಗಿಡಗಳಲ್ಲಿ ಹೇನು ಹತ್ತದ ಒಂದನ್ನು ಆರಿಸಿ, ಅದರ ಬೀಜವನ್ನೇ ಬಿತ್ತಿ, ಮತ್ತೆ ಆರಿಸಿ ತೆಗೆದದ್ದು. ಮುಳ್ಳೂ ಇಲ್ಲ. ಹೆಂಗಸರು ಬರಿಗೈಯಲ್ಲಿ ಕೀಳಬಹುದು.

ಬೆಳಗಾವಿಯ ಕೃಷಿ ಖಾತೆಯ ದೊಡ್ಡ ಸಾಹೇಬರು ಮುಂದಿನ ವರ್ಷ ಜಿಲ್ಲೆಯ ಎಲ್ಲ ತಾಲೂಕುಗಳಿಗೂ ಇದೊಂದನ್ನೇ ಕೊಡುವ ಮಾತಾಡಿದ್ದಾರೆ. ನಂಬರು ಸಾಲದು, ಹೆಸರು ಬೇಕಂತೆ. ಹೆಂಡತಿ ಬಾಳವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ, “ಹೆಸರ ಇಡಾಕ ಅವಸರ ಯಾಕ್ರಿ, ಅದೇನ ತೊಟ್ಟಿಲದಾಗ ಐತೇನು?” ಎಂದಳು. ನಮಗೆ ಮಕ್ಕಳಿಲ್ಲ.

೧೧ ಡಿಸೆಂಬರ್, ಹುಕ್ಕೇರಿ

ಕೆಂಚನಟ್ಟಿಯಿಂದ ಕರೆ ಬಂದಿತ್ತು. ಬೆಲ್ಲದ ಬಾಗೇವಾಡಿಯಲ್ಲಿ ಬಸ್ಸಿಳಿದು ಹಳ್ಳದ ದಂಡೆ ಹಿಡಿದು ನಡೆದೆ. ಊರು ಇನ್ನೂ ದೂರವಿರುವಾಗಲೇ ಗೊತ್ತಾಯಿತು. ಹಸಿರಾಗಿರಬೇಕಾದ ಹೊಲಗಳು ಮಸಿ ಸುರಿದ ಹಾಗೆ ಕಾಣುತ್ತಿದ್ದವು. ಕುಸುಬಿಯ ಒಂದೊಂದು ಟೊಂಗೆಯಲ್ಲೂ ಹೇನು ಒತ್ತೊತ್ತಾಗಿ ಕೂತಿದೆ. ಕೆಳಗಿನ ಎಲೆಗಳ ಮೇಲೆ ಅಂಟು ಸುರಿದು, ಅದಕ್ಕೆ ಧೂಳು ಹತ್ತಿದೆ.

ಇಡೀ ಊರು ಬಿತ್ತಿದ್ದು ಹನ್ನೊಂದನೇ ನಂಬರು. ಮೊದಲೆರಡು ವರ್ಷ ಬೀಜ ನಮ್ಮ ಫಾರ್ಮಿನಿಂದ ಹೋಗಿತ್ತು, ಬೆಳೆ ಚೆನ್ನಾಗಿತ್ತು. ಈ ವರ್ಷದ ಬೀಜವನ್ನು ಊರಲ್ಲೇ ಬೆಳೆಸಿಕೊಟ್ಟವನು ಸತ್ಯಪ್ಪ. ಹರಿಜನ ಓಣಿಯವನು, ಪಲ್ಟನ್ನಿನಲ್ಲಿ ಹವಾಲ್ದಾರನಾಗಿದ್ದು ಬಂದವನು. ಮೂರು ವರ್ಷದ ಹಿಂದೆ ಅವನ ಮನೆಯವರು ಬೌದ್ಧರಾಗಿದ್ದಾರೆ. ಊರಿನ ಸಹಕಾರಿ ಸೊಸೈಟಿಯ ಐದೆಕರೆಯನ್ನು ಬೀಜಕ್ಕಾಗಿ ಅವನಿಗೆ ಗೇಣಿಗೆ ಕೊಟ್ಟಿದ್ದರು. ಸಾಲು ನೆಟ್ಟಗೆ ಹಾಕುತ್ತಾನೆ ಎಂದು ನಾನೇ ಶಿಫಾರಸು ಮಾಡಿದ್ದೆ.

ಸೊಸೈಟಿಯ ಚೇರಮನ್ ದುಂಡಪ್ಪನವರು ಹೊಲಕ್ಕೇ ಬಂದರು. “ಇದರಾಗ ತಿಳಿಯೂದ ಏನೈತ್ರಿ? ಚಲೋ ಬೀಜ ಗಾಣಕ್ಕ ಹಾಕ್ಯಾನ. ಸಂಕೇಶ್ವರ ಪ್ಯಾಟ್ಯಾಗಿನ ಬೀಜ ತಂದು ನಮಗ ಹಂಚ್ಯಾನ” ಎಂದರು.

ಸತ್ಯಪ್ಪನನ್ನು ಕರೆಸಿ ಕೇಳಿದೆ: “ಬೀಜ ಎಲ್ಲಿದು? ಖರೆ ಹೇಳು.”

“ನೀವು ಕೊಟ್ಟದ್ದ ಬಿತ್ತೇನ್ರಿ. ಬೆಳದದ್ದ ಕೊಟ್ಟೇನಿ.”

“ಹಂಗಾದ್ರ ಮೂಡಲಗಿ ಫಾರ್ಮಿನಾಗ ಹೇನ ಯಾಕಿಲ್ಲ?”

“ಅದು ನನಗ ಹ್ಯಾಂಗ ಗೊತ್ತಾಗಬೇಕ್ರಿ?”

ಉತ್ತರ ಸೊಕ್ಕಿನದಾಗಿತ್ತು. ಅವನ ಹೆಂಡತಿ ಸೀತವ್ವ ತಂಬಿಗೆಯಲ್ಲಿ ನೀರು ತಂದಳು. ಬಾಯಾರಿಕೆ ಇಲ್ಲವೆಂದೆ. ದುಂಡಪ್ಪನವರ ಮನೆಯಲ್ಲಿ ಚಹಾ ಕುಡಿದು ಹುಕ್ಕೇರಿಗೆ ಬಂದೆ.

೧೪ ಡಿಸೆಂಬರ್

ವರದಿ ಬರೆದು ಕಳಿಸಿದೆ. ಕಾರಣ: ಬೀಜದ ಕಲಬೆರಕೆ. ಬೀಜ ಒಂದೇ ಆಗಿದ್ದರೆ ಮೂಡಲಗಿಯ ತಾಕಿನಲ್ಲೂ ಹೇನು ಇರಬೇಕಿತ್ತು. ಇಲ್ಲ. ಆದ್ದರಿಂದ ಬೀಜ ಬೇರೆ. ಇದಕ್ಕಿಂತ ಸರಳವಾದ ತರ್ಕವಿಲ್ಲ.

೨೯ ಡಿಸೆಂಬರ್

ಕಚೇರಿಯಿಂದ ಬರುವಷ್ಟರಲ್ಲಿ ಸತ್ಯಪ್ಪ ನಮ್ಮ ಮನೆಯ ಕಟ್ಟೆಯ ಕೆಳಗೆ ನಿಂತಿದ್ದ. ಕೂರು ಎಂದು ಬಾಳವ್ವ ಹೇಳಿದ್ದಳಂತೆ. ಕೂತಿರಲಿಲ್ಲ. ಸೊಸೈಟಿಯವರು ಐದೆಕರೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಊರಲ್ಲಿ ಅವನನ್ನೂ ಅವನ ಹೆಂಡತಿಯನ್ನೂ ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ಅದನ್ನು ಹೇಳಿಕೊಳ್ಳಲು ಬಂದನೆಂದು ತಿಳಿದೆ. ಅವನು ಅರಿವೆಯಲ್ಲಿ ಕಟ್ಟಿದ ಒಂದು ಗಂಟು ಇಟ್ಟ.

“ಊರಿಗೆ ಹಂಚಿದ ಬೀಜದಾಗ ಉಳದದ್ದು. ನನ್ನ ಮಾತ ನಂಬಬ್ಯಾಡ್ರಿ. ಬಿತ್ತಿ ನೋಡ್ರಿ.”

“ವರದಿ ಹೋಗೇತಿ.”

“ಪಲ್ಟನ್ದಾಗ ಸಿಪಾಯಿಗೆ ಶಿಕ್ಷಾ ಕೊಡೂಮುಂದ ಅವನ್ನೊಂದ ಮಾತ ಕೇಳ್ತಾರ. ನೀವು ನನ್ನ ಕೇಳಿದ್ರಿ, ನಾ ಹೇಳಿದ್ನಿ. ಬೀಜಾನ ಕೇಳಿಲ್ಲ.”

ಹೀಗೆಂದು ಬಸ್ಸಿಗೆ ಹೋದ. ಬಾಳವ್ವ ಗಂಟನ್ನು ಎತ್ತಿ ಒಳಗಿಟ್ಟಳು. ಬಿತ್ತಿ ತೋರಿಸಿದರೆ ಮಾತು ಮುಗಿಯುತ್ತದೆ. ಪೇಟೆಯ ಬೀಜವಾದರೆ ಎಲೆಗೆ ಮುಳ್ಳು ಬರುತ್ತದೆ, ಅದು ಕಂಡರೆ ಸಾಕು.

೩೦ ಡಿಸೆಂಬರ್

ಸೀಮೆಎಣ್ಣೆಯ ಡಬ್ಬಿಗಳನ್ನು ಅರ್ಧಕ್ಕೆ ಕತ್ತರಿಸಿ ಮಣ್ಣು ತುಂಬಿದೆ. ಕೆಲವಕ್ಕೆ ಫಾರ್ಮಿನ ಬೀಜ, ಕೆಲವಕ್ಕೆ ಅವನ ಬೀಜ. ಹಿತ್ತಲಲ್ಲಿಟ್ಟೆ.

೨೬ ಜನವರಿ ೧೯೬೦

ಗಣರಾಜ್ಯ ದಿನ. ಕಚೇರಿಯಲ್ಲಿ ಧ್ವಜ ಏರಿಸಿ ಬಂದು ಡಬ್ಬಿಗಳನ್ನು ನೋಡಿದೆ. ಎರಡು ಬಗೆಯಲ್ಲೂ ಮುಳ್ಳಿಲ್ಲ. ಎಲೆಯ ಆಕಾರ ಒಂದೇ. ಮೊನ್ನೆ ಕೆಂಚನಟ್ಟಿಯ ಮೇಲೆ ಹಾದುಹೋಗುವಾಗ, ಹೇನಿನಿಂದ ಉಳಿದುಕೊಂಡ ಕೆಲವು ಗಿಡಗಳು ಹೂ ಬಿಟ್ಟಿದ್ದವು. ಹಳದಿ ಅರಳಿ, ಬಾಡುವಾಗ ಇಟ್ಟಂಗಿಯ ಬಣ್ಣಕ್ಕೆ ತಿರುಗುವ ಹೂ. ಅದು ಹನ್ನೊಂದನೇ ನಂಬರಿನ ಗುರುತು. ನೋಡಿದ್ದೆ. ಬರೆದಿರಲಿಲ್ಲ.

ಮೂಡಲಗಿಯ ಹೇನುಗಳನ್ನು ತಂದು ಎರಡೂ ಬಗೆಯ ಗಿಡಗಳ ಮೇಲೆ ಬಿಟ್ಟೆ. ಬಾಳವ್ವ ತನ್ನ ಹಳೆಯ ತೆಳು ಸೀರೆಯನ್ನು ಹರಿದು ಬಿದಿರುಕಡ್ಡಿಗೆ ಹೊಲಿದು ಗೂಡು ಮಾಡಿಕೊಟ್ಟಳು. “ಊರಾಗಿನ ಮಂದಿ ಹೇನ ಕೊಲ್ಲಾಕ ಔಷಧ ಕೇಳ್ತಾರ, ನೀವು ಮನ್ಯಾಗ ಸಾಕಾಕತ್ತೀರಿ” ಎಂದಳು.

೩ ಫೆಬ್ರವರಿ

ಎರಡೂ ಬಗೆಯ ಗಿಡಗಳ ಮೇಲೆ ಹೇನು ಸತ್ತಿವೆ. ಅವನ ಬೀಜದ ಮೇಲೂ ಸತ್ತಿವೆ.

ಅಂದರೆ ಗಂಟಿನಲ್ಲಿ ತಂದ ಬೀಜ ಅಸಲಿ. ಊರಿಗೆ ಹಂಚಿದ್ದೂ ಇದೇ ಎನ್ನುವುದಕ್ಕೆ ಏನು ಸಾಕ್ಷಿ? ಒಂದು ಹಿಡಿ ಬೇರೆ ತೆಗೆದಿಟ್ಟಿದ್ದರೆ? ಈ ಸಂಶಯವನ್ನು ಬಾಳವ್ವನಿಗೆ ಹೇಳಿದೆ. ಅವಳು, “ಕಳ್ಳತನ ಮಾಡಾವ ಇಷ್ಟ ದೂರದ ವಿಚಾರ ಇಟ್ಕೊಂಡ ಒಂದ ಗಂಟ ತಗದಿಡ್ತಾನೇನ್ರಿ?” ಎಂದಳು.

೫ ಫೆಬ್ರವರಿ

ಕೆಂಚನಟ್ಟಿಗೆ ಹೋಗಿ ಅಲ್ಲಿಯ ಹೇನುಗಳನ್ನು ಟೊಂಗೆಸಮೇತ ಡಬ್ಬಿಯಲ್ಲಿ ತಂದೆ. ಇದನ್ನು ಮೊದಲೇ ಮಾಡಬಹುದಿತ್ತು. ಮಾಡಬೇಕೆಂದು ಹೊಳೆದಿರಲಿಲ್ಲ, ಹೇನು ಎಂದರೆ ಹೇನು ಎಂದುಕೊಂಡಿದ್ದೆ. ಸತ್ಯಪ್ಪ ಸಿಗಲಿಲ್ಲ. ಸೀತವ್ವ ಸಂಕೇಶ್ವರದ ಕಡೆ ಕಬ್ಬು ಕಡಿಯಲು ಹೋಗಿದ್ದಾಳೆಂದು ಯಾರೋ ಹೇಳಿದರು.

೧೩ ಫೆಬ್ರವರಿ

ಕೆಂಚನಟ್ಟಿಯ ಹೇನುಗಳು ಎರಡೂ ಬಗೆಯ ಗಿಡಗಳ ಮೇಲೆ ಮರಿ ಹಾಕಿವೆ. ನನ್ನ ಫಾರ್ಮಿನ ಬೀಜದ ಗಿಡದ ಮೇಲೂ. ನಾನೇ ಆರಿಸಿ, ನಾನೇ ಒಣಗಿಸಿ, ನಾನೇ ಮೊಹರು ಹಾಕಿದ ಡಬ್ಬಿಯ ಬೀಜ. ಹೇನಿನ ಅಡಿ ಟೊಂಗೆ ಕಾಣುವುದಿಲ್ಲ.

ಪಕ್ಕದ ಗೂಡಿನಲ್ಲಿ ಅದೇ ಬೀಜದ ಗಿಡ ಸ್ವಚ್ಛವಾಗಿದೆ. ಅದರಲ್ಲಿ ಬಿಟ್ಟಿದ್ದು ಮೂಡಲಗಿಯ ಹೇನು.

೧೪ ಫೆಬ್ರವರಿ

ಎಲ್ಲವನ್ನೂ ಮತ್ತೆ ಹೂಡಿದೆ. ಈ ಸಲ ಒಂದೊಂದು ಗಿಡಕ್ಕೆ ಒಂದೇ ಹೇನು.

೧ ಮಾರ್ಚ್

ಫಲ ಅದೇ. ಬಾಳವ್ವ ಗೋಣಿ ತೋಯಿಸಿ ಗೂಡುಗಳಿಗೆ ನೆರಳು ಕಟ್ಟಿದ್ದಾಳೆ. ನಾನು ಊರಲ್ಲಿಲ್ಲದ ದಿನ ಅವಳೇ ನೋಡಿಕೊಳ್ಳುತ್ತಾಳೆ. ಕೆಂಚನಟ್ಟಿಯವು, ಮೂಡಲಗಿಯವು ಎಂದು ಗೂಡುಗಳಿಗೆ ಹೆಸರಿಟ್ಟು ಮಾತಾಡುತ್ತಾಳೆ. ನೋಡಿದರೆ ಎರಡು ಊರಿನ ಹೇನಿಗೂ ವ್ಯತ್ಯಾಸವಿಲ್ಲ. ಭೂತಕನ್ನಡಿಯಲ್ಲೂ ನೋಡಿದೆ. ಅದೇ ಬಣ್ಣ, ಅದೇ ಕಾಲು, ಅದೇ ಮೀಸೆ.

ಧಾರವಾಡದ ಕಾಲೇಜಿನಲ್ಲಿ ಅಮೆರಿಕದ ಗೋಧಿಯ ಒಂದು ನೊಣದ ಬಗ್ಗೆ ಪಾಠವಿತ್ತು. ಒಂದು ಪ್ರಾಂತದ ನೊಣ ತಿನ್ನಲಾರದ ಗೋಧಿಯನ್ನು ಇನ್ನೊಂದು ಪ್ರಾಂತದ ನೊಣ ತಿನ್ನುತ್ತದೆ ಎಂದು. ಪರೀಕ್ಷೆಗೆ ಬರೆದು ಮರೆತಿದ್ದೆ. ನೊಣ ಅಲ್ಲಿಯದು, ಗೋಧಿ ಅಲ್ಲಿಯದು.

ಈಗ ನನಗೆ ತೋರುವುದು ಇಷ್ಟು. ಹೇನುಗಳಲ್ಲಿ ಎಲ್ಲವೂ ಒಂದೇ ಅಲ್ಲ. ಸಾವಿರದಲ್ಲಿ ಒಂದಕ್ಕೆ ಹನ್ನೊಂದನೇ ನಂಬರಿನ ರಸ ಒಗ್ಗುತ್ತಿತ್ತು ಎಂದಿಟ್ಟುಕೊಳ್ಳೋಣ. ಸುತ್ತ ನಾಡಕುಸುಬಿ ಇರುವವರೆಗೆ ಎಲ್ಲವೂ ತಿಂದುಕೊಂಡಿದ್ದವು. ಆ ಒಂದಕ್ಕೆ ಯಾವ ಹೆಚ್ಚುಗಾರಿಕೆಯೂ ಇರಲಿಲ್ಲ. ಮೂಡಲಗಿಯಲ್ಲಿ ಇವತ್ತಿಗೂ ಹಾಗೇ ಇದೆ, ನನ್ನದು ಒಂದು ತಾಕು ಮಾತ್ರ. ಕೆಂಚನಟ್ಟಿಯಲ್ಲಿ ನಾವು ಇಡೀ ಊರಿಗೆ ಹನ್ನೊಂದನೇ ನಂಬರು ಕೊಟ್ಟೆವು. ಉಳಿದ ಹೇನುಗಳು ಉಪವಾಸ ಸತ್ತವು. ಆ ಒಂದು ಉಳಿಯಿತು. ಈ ಹೇನಿಗೆ ಮರಿ ಹಾಕಲು ಗಂಡು ಬೇಕಿಲ್ಲ. ತಾಯಿಯಂಥದೇ ಮಗಳು, ಮಗಳಂಥದೇ ಮೊಮ್ಮಗಳು. ಮೂರು ಹಂಗಾಮಿನಲ್ಲಿ ಊರೆಲ್ಲ ಅದರ ಸಂತಾನ.

ಆ ಹೇನನ್ನು ಬೆಳೆಸಿದ್ದು ಸತ್ಯಪ್ಪನೂ ಅಲ್ಲ, ಸಂಕೇಶ್ವರದ ಪೇಟೆಯೂ ಅಲ್ಲ.

೮ ಮಾರ್ಚ್, ಬೆಳಗಾವಿ

ದೊಡ್ಡ ಸಾಹೇಬರನ್ನು ಕಂಡೆ. ನಾಲ್ಕು ಗೂಡುಗಳ ವಿಷಯ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ನಕ್ಕರು.

“ಹುಳದಾಗೂ ಜಾತಿ ಹುಡುಕಾಕತ್ತೀರೇನ್ರಿ, ಗುರುಲಿಂಗಪ್ಪನವರ?”

“ಜಾತಿ ಒಂದ್ರಿ. ಒಳಗ ಬ್ಯಾರೆ ಬ್ಯಾರೆ ಅದಾವು.”

“ಇದನ್ನ ಕಾಗದದ ಮ್ಯಾಲ ಹಾಕಿದ್ರ ಏನಾಗತೈತಿ ಗೊತ್ತೈತೇನು? ನಿಮ್ಮ ಹನ್ನೊಂದನೇ ನಂಬರ ಮುಗೀತು. ಹೆಸರಿಲ್ಲ, ಬಿಡುಗಡೆ ಇಲ್ಲ. ನಿಮ್ಮ ಆರು ವರ್ಷದ ಕೆಲಸ. ಕಲಬೆರಕೆ ಅಂತ ವರದಿ ಐತಿ, ಅದು ಇರಲಿ. ಯಾರಿಗೂ ತ್ರಾಸಿಲ್ಲ.”

ಒಬ್ಬನಿಗೆ ಇದೆ ಎಂದೆ. ಯಾರು ಎಂದು ಕೇಳಿದರು. ಹೇಳಿದೆ. ಅವರು ಹೆಸರನ್ನು ನೆನಪು ಮಾಡಿಕೊಳ್ಳಲು ನೋಡಿ, ಬಿಟ್ಟು, ಬೇರೆ ಕಾಗದ ಎತ್ತಿಕೊಂಡರು.

ತಿದ್ದಿದ ವರದಿಯನ್ನು ಗುಮಾಸ್ತರ ಕೈಯಲ್ಲಿ ಕೊಟ್ಟು ಬಂದೆ. ತೆಗೆದುಕೊಂಡರು. ಮುಂದೆ ಹೋಗುತ್ತದೆಂದು ಅನ್ನಿಸಲಿಲ್ಲ.

೨೦ ಮಾರ್ಚ್

ಕೆಂಚನಟ್ಟಿಗೆ ಹೋದೆ. ಬಿಸಿಲು. ಸತ್ಯಪ್ಪ ಹಳ್ಳದ ದಂಡೆಯ ತಮ್ಮ ಸ್ವಂತ ಹೊಲದಲ್ಲಿ ಒಡ್ಡು ಸರಿಮಾಡುತ್ತಿದ್ದರು. ಅದು ಎರಡೆಕರೆಯೂ ಇಲ್ಲ, ಕಲ್ಲೇ ಹೆಚ್ಚು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬೀಜ ಅಸಲಿ, ಹೇನು ಬೇರೆ.

ಅವರು ಸಲಿಕೆಗೆ ಕೈ ಊರಿ ಕೇಳಿದರು. “ಇದನ್ನ ಯಾರಿಗೆ ಹೇಳಾಕ ಬಂದೀರಿ? ನನಗ? ಬೀಜ ಖರೇದಂತ ನನಗ ಮದಲ ಗೊತ್ತಿತ್ತಲ್ರಿ.”

ಇಲಾಖೆಗೆ ವರದಿ ಕೊಟ್ಟಿದ್ದೇನೆ ಎಂದೆ.

“ಇಲಾಖಾ ನನ್ನ ಕಳ್ಳ ಅಂದಿಲ್ರಿ. ಊರು ಅಂದೈತಿ. ಹೇಳೂದಿದ್ರ ಚಾವಡಿ ಮುಂದ ಹೇಳ್ರಿ.”

ಮೇಲಿನವರ ಒಪ್ಪಿಗೆ ಇಲ್ಲದೆ ಹಾಗೆ ಹೇಳುವಂತಿಲ್ಲ ಎಂದು ತಿಳಿಸಿ ಹೇಳಿದೆ. ಅವರು ಸರಿ ಎಂದು ಮತ್ತೆ ಮಣ್ಣು ಎಳೆಯತೊಡಗಿದರು. ಸೀತವ್ವ ಕೊಟ್ಟ ನೀರು ಕುಡಿದು ಬಾಗೇವಾಡಿಗೆ ನಡೆದೆ.

೧೭ ಏಪ್ರಿಲ್

ಸೊಸೈಟಿಯ ಐದೆಕರೆ ದುಂಡಪ್ಪನವರ ಅಳಿಯನಿಗೆ ಹೋಗಿದೆ. ತಂಬಾಕು ಹಚ್ಚುತ್ತಾರಂತೆ. ಸಾಹೇಬರಿಂದ ಉತ್ತರವಿಲ್ಲ.

೨ ಮೇ

ನಾಡಕುಸುಬಿಯ ಮೇಲೆ ಸಾಕಿದ್ದ ಮೂಡಲಗಿಯ ಹೇನುಗಳೆಲ್ಲ ಬಿಸಿಲಿಗೆ ಸತ್ತವು. ಕೆಂಚನಟ್ಟಿಯವು ಒಂದು ಗಿಡದ ಮೇಲೆ ಉಳಿದಿವೆ. ಬಾಳವ್ವ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸುತ್ತಾಳೆ. ನಾನು ಮಲಗಿಕೊಂಡಿದ್ದಾಗ ಬಂದು ಕೇಳಿದಳು:

“ಚಾವಡಿ ಮುಂದ ಹೇಳಿದ್ರ ನಿಮ್ಮ ನೌಕರಿ ಹೋಗತೈತೇನ್ರಿ?”

“ಹೋಗೂದಿಲ್ಲ. ದೂರ ಹಾಕ್ತಾರ.”

“ದೂರ ಅಂದ್ರ?”

“ವಿಜಾಪುರದ ಆಚಿ, ಎಲ್ಲರೆ.”

“ಅಲ್ಲೂ ಕುಸುಬಿ ಬೆಳಿತಾರಲ್ಲ” ಎಂದು ಹೋದಳು.

೨೨ ಮೇ, ಹುಕ್ಕೇರಿ

ಕೆಂಚನಟ್ಟಿಯ ಸೊಸೈಟಿಯ ವಾರ್ಷಿಕ ಸಭೆ ಇತ್ತು. ಚಾವಡಿಯ ಮುಂದೆ ಜಮಖಾನೆ ಹಾಸಿದ್ದರು. ಕೃಷಿ ಖಾತೆಯವರೆಂದು ನನ್ನನ್ನು ದುಂಡಪ್ಪನವರ ಪಕ್ಕಕ್ಕೆ ಕೂಡಿಸಿದರು. ಸತ್ಯಪ್ಪ ಬೇವಿನ ಗಿಡದ ಕೆಳಗೆ, ತಮ್ಮ ಓಣಿಯವರ ಜೊತೆ ನಿಂತಿದ್ದರು. ಮುಂಗಾರಿ ಬೀಜದ ಬಗ್ಗೆ ಎರಡು ಮಾತು ಹೇಳಿರೆಂದರು. ಎದ್ದು, ಮುಂಗಾರಿಯ ಬದಲು ಕುಸುಬಿಯ ಮಾತು ತೆಗೆದೆ.

“ಹ್ವಾದ ಹಂಗಾಮಿನಾಗ ನಿಮಗ ಹಂಚಿದ ಬೀಜ ಖರೇದಿತ್ತು. ಕಲಬೆರಕೆ ಆಗಿಲ್ಲ. ಆಗೇತಿ ಅಂತ ಬರದಾವ ನಾನು. ಅದು ತಪ್ಪು.”

ಗೂಡುಗಳಲ್ಲಿ ಕಂಡದ್ದನ್ನು ಹೇಳಿದೆ. ಒಂದೇ ಗಿಡ, ಆ ಊರಿನ ಹೇನು ಸಾಯುತ್ತದೆ, ಈ ಊರಿನ ಹೇನು ಬದುಕುತ್ತದೆ ಎಂದು.

ದುಂಡಪ್ಪನವರು ಕೇಳಿದರು: “ಅಂದ್ರ ತಪ್ಪು ಹೇನಿಂದು ಅನ್ರಿ.”

ಮಂದಿ ನಕ್ಕರು.

“ಹೇನ ತನ್ನ ಹೊಟ್ಟಿ ತಾ ನೋಡ್ಕೊಂಡೈತಿ. ತಪ್ಪು ನಮ್ಮದು. ಎಲ್ಲಾ ಹೊಲಕ್ಕ ಒಂದ ಬೀಜ ಕೊಟ್ಟಿವಿ. ಅದನ್ನ ತಿನ್ನಾಕ ಬರೂವಂಥ ಹೇನ ಅಷ್ಟ ಉಳಕೊಂಡ್ವು, ಅವ ಬೆಳದ್ವು.”

“ಮತ್ತ ಆ ಐದೆಕರೆ?” ಎಂದು ಬೇವಿನ ಗಿಡದ ಕಡೆಯಿಂದ ಯಾರೋ ಕೇಳಿದರು. ಸತ್ಯಪ್ಪನವರ ದನಿಯಲ್ಲ.

“ತಂಬಾಕಿನ ಮಡಿ ಹಾಕೇತಿ. ಅದು ಮುಗೀಲಿ, ಮುಂದ ನೋಡೂಣು” ಎಂದರು ದುಂಡಪ್ಪನವರು. ನೋಡುವುದಿಲ್ಲ ಎಂದು ಎಲ್ಲರಿಗೂ ತಿಳಿಯಿತು.

ಸಭೆ ಮುಗಿದ ಮೇಲೆ ಸತ್ಯಪ್ಪನವರು ಹತ್ತಿರ ಬಂದರು. ಅವರ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ. “ಈಗ ಊರಿಗೆ ಗೊತ್ತಾತು” ಎಂದಷ್ಟೇ ಹೇಳಿದರು. ನಾನು ಅವರ ಜೊತೆ ಹಳ್ಳದವರೆಗೆ ಹೋದೆ. ಮುಂದಿನ ಹಿಂಗಾರಿಗೆ ಅವರ ಸ್ವಂತ ಹೊಲದಲ್ಲಿ ಬೇರೆ ಬೇರೆ ಕುಸುಬಿ ಹಚ್ಚಿ ನೋಡಬಹುದೇ ಎಂದು ಕೇಳಿದೆ.

“ಸರಕಾರದ ಹೆಸರ ಬರದ ಫಳಿ ಹಾಕ್ತೀರೇನು ಹೊಲದಾಗ?”

“ಇಲ್ಲ.”

“ಹಂಗಾದ್ರ ಹಚ್ಚೂಣು. ಬೀಜ ಎಲ್ಲಿಂದ ತರ್ತೀರಿ?”

ಅದು ನನಗೂ ಗೊತ್ತಿರಲಿಲ್ಲ. ಮೂಡಲಗಿಯ ನಾಡಕುಸುಬಿಯನ್ನು ಹೇನು ತಿನ್ನುವುದು ಕಂಡೇ ಇತ್ತು. ಹನ್ನೊಂದನೇ ನಂಬರು ಗೆದ್ದ ವರ್ಷ, ಉಳಿದ ನಂಬರುಗಳ ಬೀಜವನ್ನೆಲ್ಲ ಗಾಣಕ್ಕೆ ಕೊಡಿಸಿದ್ದೆ.

೧೯ ಜೂನ್

ಬೆಳಗಾವಿಯಿಂದ ಮೆಮೋ. ಅನುಮತಿಯಿಲ್ಲದೆ ಸಾರ್ವಜನಿಕ ಸಭೆಯಲ್ಲಿ ಖಾತೆಯ ವಿರುದ್ಧ ಮಾತಾಡಿದ್ದಕ್ಕೆ ಕಾರಣ ಕೇಳಿದ್ದಾರೆ. ಉತ್ತರ ಬರೆದೆ. ಮಳೆ ಬಂತು.

೧೦ ಜುಲೈ

ಸತ್ಯಪ್ಪನವರೂ ನಾನೂ ನಿಡಸೋಸಿಯ ಕಡೆಯ ಹಳ್ಳಿಗಳನ್ನು ತಿರುಗಿದೆವು. ಹಳೆಯ ಕುಸುಬಿ ಕೇಳಿದರೆ ಜನ ನಗುತ್ತಾರೆ. ಈ ಕಡೆ ಎಲ್ಲರೂ ಮುಳ್ಳಿಲ್ಲದ್ದಕ್ಕೆ ಬದಲಾಗಿದ್ದಾರೆ. ಬದಲಾಯಿಸಿದವರಲ್ಲಿ ನಾನೂ ಒಬ್ಬ. ಮೂರು ಊರು ತಿರುಗಿದರೂ ಒಂದು ಹಿಡಿ ಸಿಗಲಿಲ್ಲ.

ನಾಲ್ಕನೆಯ ಊರಿನಲ್ಲಿ ಕಾಡವ್ವ ಎಂಬ ಮುದುಕಿ ಬೂದಿ ಬೆರೆಸಿದ ಮಡಕೆ ತೆಗೆದಳು. ಮುಳ್ಳಿನದು. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ. “ದನಾ ಜ್ವಾಳಕ್ಕ ಬಾಯಿ ಹಾಕಬಾರ್ದಂತ ಬೇಲಿಗೆ ಬಿತ್ತೇನಪ್ಪಾ. ಹೇನ ಗೀನ ನಾ ನೋಡಿಲ್ಲ” ಎಂದಳು. ಎರಡು ಬೊಗಸೆ ಕೊಟ್ಟಳು.

ಬಸ್ಸು ತಪ್ಪಿತು. ಕೆಂಚನಟ್ಟಿಗೇ ನಡೆದು ಹೋಗಿ ಸತ್ಯಪ್ಪನವರ ಮನೆಯಲ್ಲಿ ಉಳಿದೆ. ರೊಟ್ಟಿ, ಹಿಟ್ಟಿನ ಪಲ್ಯ, ಹಸಿ ಉಳ್ಳಾಗಡ್ಡಿ. ಸೀತವ್ವನವರು ಕಬ್ಬಿನ ಕೆಲಸದಲ್ಲಿ ಕೈ ಕುಯ್ದುಕೊಂಡ ಗಾಯ ಇನ್ನೂ ಮಾಯ್ದಿಲ್ಲ.

೨೮ ಸೆಪ್ಟೆಂಬರ್

ಒಟ್ಟು ಒಂಬತ್ತು ಬಗೆ ಸಿಕ್ಕವು. ಡಬ್ಬಿಗಳಲ್ಲಿ ಬಿತ್ತಿ, ಬಾಳವ್ವ ಉಳಿಸಿಕೊಂಡ ಕೆಂಚನಟ್ಟಿಯ ಹೇನನ್ನು ಬಿಟ್ಟು ನೋಡಿದೆವು. ನಾಲ್ಕು ಬಗೆಯ ಮೇಲೆ ಅದು ಏಳಲಿಲ್ಲ. ಕಾಡವ್ವನದು ಅದರಲ್ಲಿ ಒಂದು. ಇನ್ನೊಂದಕ್ಕೆ ಮುಳ್ಳು ಕಡಿಮೆ, ಎಣ್ಣೆ ಹೇಗೋ ಗೊತ್ತಿಲ್ಲ.

ಈ ನಾಲ್ಕರಲ್ಲಿ ಅತಿ ಒಳ್ಳೆಯದನ್ನು ಆರಿಸಿ ಹನ್ನೆರಡನೇ ನಂಬರು ಮಾಡಬಹುದು. ಮೂರು ಹಂಗಾಮು ಗೆಲ್ಲುತ್ತದೆ. ಆಮೇಲೆ ಅದನ್ನು ತಿನ್ನುವ ಹೇನು ಉಳಿದುಕೊಳ್ಳುತ್ತದೆ. ಇದನ್ನು ಬಾಳವ್ವನಿಗೆ ವಿವರಿಸುತ್ತಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದಳು. “ಹಂಗಾದ್ರ ಆರಸಬ್ಯಾಡ್ರಿ” ಎಂದಳು.

೧೬ ಅಕ್ಟೋಬರ್, ಕೆಂಚನಟ್ಟಿ

ಸತ್ಯಪ್ಪನವರ ಹೊಲದಲ್ಲಿ ಬಿತ್ತನೆ. ನಾಲ್ಕು ಹೊಸ ಬಗೆ, ಐದನೆಯದು ಹನ್ನೊಂದನೇ ನಂಬರು. ಅದನ್ನು ಬಿಡಬೇಡವೆಂದು ನಾನೇ ಹೇಳಿದೆ. ಹಳೆಯ ಹೇನಿಗೂ ತಿನ್ನಲು ಏನಾದರೂ ಇದ್ದರೆ, ಹೊಸದನ್ನು ತಿನ್ನಬಲ್ಲ ಹೇನು ಒಮ್ಮೆಲೇ ಮೇಲೆ ಬರುವುದಿಲ್ಲ. ಸಾಲು ಸಾಲಾಗಿ ಬೆರೆಸಿ ಹಾಕಿದೆವು. ಕೂರಿಗೆಗೆ ಎತ್ತು ಕೊಡಲು ಊರಲ್ಲಿ ಇಬ್ಬರು ಮುಂದೆ ಬಂದರಂತೆ. ಸತ್ಯಪ್ಪನವರು ಒಬ್ಬರಿಂದ ತೆಗೆದುಕೊಂಡರು. ಸಾಲು ನೆಟ್ಟಗೆ ಬಂದಿವೆ.

೯ ಡಿಸೆಂಬರ್

ವರ್ಗಾವಣೆಯ ಆದೇಶ. ಸಿಂದಗಿ ತಾಲೂಕು. ಫೆಬ್ರವರಿ ಒಂದರೊಳಗೆ ಹಾಜರಾಗಬೇಕು.

೧೫ ಡಿಸೆಂಬರ್

ಮೂಡಲಗಿಯ ಫಾರ್ಮಿನಲ್ಲಿ ಹನ್ನೊಂದನೇ ನಂಬರಿನ ಮೂಡಣ ಮೂಲೆ ಕರ್ರಗಾಗಿದೆ. ಲಗಮಣ್ಣ ಕೈ ತೋರಿಸಿದ. ಕೆಂಚನಟ್ಟಿಯಿಂದ ಗಾಳಿಯಲ್ಲಿ ಬಂದದ್ದೋ, ಇಲ್ಲಿಯೇ ಹುಟ್ಟಿ ಬೆಳೆದದ್ದೋ, ನನ್ನ ಅಂಗಿಗೆ ಅಂಟಿಕೊಂಡು ಗೋಕಾಕದ ಹಿತ್ತಲಿನಿಂದ ಬಂದದ್ದೋ ಗೊತ್ತಿಲ್ಲ. ಮೂರನ್ನೂ ಬರೆದು ಬೆಳಗಾವಿಗೆ ಕಳಿಸಿದೆ. ಒಂದು ಗಂಟೆ ಆ ಮೂಲೆಯಲ್ಲಿ ಕೂತು ಹೇನುಗಳನ್ನು ನೋಡಿದೆ. ಗಾಳಿ ತಣ್ಣಗಿತ್ತು.

೨೯ ಜನವರಿ ೧೯೬೧

ಮನೆಯ ಸಾಮಾನು ಕಟ್ಟಿದ್ದಾಯಿತು. ಬಾಳವ್ವ ನೀರು ಕಾಯಿಸಿ ಗೂಡಿನ ಗಿಡದ ಮೇಲೆ ತಾನೇ ಸುರಿದಳು. ಸಿಂದಗಿಗೆ ಈ ಹೇನು ಒಯ್ಯುವಂತಿಲ್ಲ ಎಂದು ನಾನು ಹೇಳುವ ಮೊದಲೇ.

ಕೊನೆಯ ಸಲವೆಂದು ಕೆಂಚನಟ್ಟಿಗೆ ಹೋಗಿ ಬಂದೆ. ಸತ್ಯಪ್ಪನವರ ಹೊಲ ಹೂವಿನಲ್ಲಿದೆ. ಹಳದಿ, ಕೇಸರಿ, ಅಲ್ಲಲ್ಲಿ ಬಿಳಿ. ಹನ್ನೊಂದನೇ ನಂಬರಿನ ಸಾಲುಗಳಲ್ಲಿ ಹೇನು ಇದೆ, ಪಕ್ಕದ ಸಾಲಿಗೆ ದಾಟಿಲ್ಲ. ಕಾಡವ್ವನ ಮುಳ್ಳಿನದರಲ್ಲಿ ಒಂದು ಗಿಡದ ಮೇಲೆ ಏಳೆಂಟು ಹೇನು ಮರಿಗಳೊಡನೆ ಕೂತಿದ್ದವು. ಸತ್ಯಪ್ಪನವರಿಗೆ ತೋರಿಸಿದೆ. ಇದ್ದೇ ಇರುತ್ತವೆ ಎಂದರು. ನಾನೂ ಹೌದೆಂದೆ. ಊರಿನ ಉಳಿದ ಹೊಲಗಳಲ್ಲಿ ಈ ವರ್ಷ ಕುಸುಬಿಯೇ ಇಲ್ಲ, ಕಡಲೆ ಹಾಕಿದ್ದಾರೆ.

ನಾವು ಸಾಲಿನಲ್ಲಿ ಕೂತು ಮೊದಲು ಒಣಗಿದ ಒಂದೆರಡು ತೆನೆ ನೋಡುತ್ತಿರುವಾಗ ದುಂಡಪ್ಪನವರು ಒಡ್ಡಿನ ಮೇಲೆ ಬಂದು ನಿಂತರು. ಈ ಹೊಲಕ್ಕೆ ಅವರು ಬಂದದ್ದು ಇದೇ ಮೊದಲಂತೆ. ಅತ್ತ ಇತ್ತ ನೋಡಿದರು.

“ಬೆಳಿ ಚಲೋ ಬಂದೈತಲ್ಲ, ಸತ್ಯಪ್ಪ.”

“ಹೂಂ, ಬಂದೈತ್ರಿ.”

“ಮುಂದಿನ ಸಲಕ್ಕ ನಮಗೊಂದ ಎರಡ ಸೇರ ಬೀಜ ಬೇಕಲ್ಲ. ಆ ಮುಳ್ಳ ಕಡಿಮಿ ಐತಲ್ಲ, ಅದರದ್ದು.”

ಸತ್ಯಪ್ಪನವರು ತೆನೆಯಿಂದ ಕಣ್ಣು ತೆಗೆಯಲಿಲ್ಲ. “ರಾಶಿ ಆದಮ್ಯಾಲೆ ಬರ್ರಿ. ಕೊಡ್ತೇನಿ. ಒಯ್ದ್ರ ಐದೂ ಥರ ಒಯ್ಯಬೇಕಾಗತೈತಿ.”

“ಮುಳ್ಳಿಂದ ತಗೊಂಡ ನಾ ಏನ ಮಾಡ್ಲಿ?”

“ಬಿತ್ರಿ.”

“ಹೇನ ಹತ್ತಿದ ಥರಾನೂ ಒಯ್ಯಬೇಕ?”

“ಅದನ್ನೂ. ಬರೇ ಒಂದ ಥರ ಯಾರಿಗೂ ಕೊಡೂದಿಲ್ರಿ.”

ದುಂಡಪ್ಪನವರು ನನ್ನ ಕಡೆ ತಿರುಗಿದರು. ಇಲಾಖೆಯ ಮಾತು ಬೇರೆ ಇರಬಹುದೆಂದು ಕಾದರು. ಬೀಜ ಅವರದು, ಅವರನ್ನೇ ಕೇಳಿರಿ ಎಂದೆ. ದುಂಡಪ್ಪನವರು ಧೋತರ ಸರಿಮಾಡಿಕೊಂಡು ಒಡ್ಡಿನ ಮೇಲೇ ಕೂತರು. ಯಾವ ಸಾಲು ಯಾವುದು ಎಂದು ಕೇಳತೊಡಗಿದರು. ಸತ್ಯಪ್ಪನವರು ಕೂತಲ್ಲಿಂದಲೇ ಒಂದೊಂದಾಗಿ ಹೇಳಿದರು, ಕಾಡವ್ವನದು, ಹಳ್ಳದಾಚೆಯದು, ಬಿಳಿ ಹೂವಿನದು ಎಂದು. ಯಾವುದಕ್ಕೂ ನಂಬರಿಲ್ಲ.

ಬಾಗೇವಾಡಿಯ ಬಸ್ಸಿಗೆ ಹೊತ್ತಾಗಿತ್ತು. ನಾನು ಏ‌ಳುವಾಗ ದುಂಡಪ್ಪನವರು ಎರಡನೆಯ ಸಲ ಕೇಳುತ್ತಿದ್ದರು, ಸತ್ಯಪ್ಪನವರು ಎರಡನೆಯ ಸಲ ಹೇಳುತ್ತಿದ್ದರು.